ಎರಡು ತಂತಿಗಳ ವಿಮಾನ

ಗೂಡಲೂರಿನ ಓದುಗರೊಬ್ಬರು ಬರೆದ ಪತ್ರ ನನ್ನ ಮುಂದಿದೆ. ತಮ್ಮ ಮಗ ಕಾಲೇಜಿನ ಎನ್.ಸಿ.ಸಿ. ವಾಯುವಿಭಾಗದಲ್ಲಿರುವನೆಂದೂ, ಎಂಜಿನ್ ಕೂರಿಸಿದ ಪುಟ್ಟ ವಿಮಾನವೊಂದನ್ನು ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ಅವನು ತನ್ನ ಸುತ್ತ ಹಾರಿಸುವುದನ್ನು ತಾವು ಕಣ್ಣಾರೆ ಕಂಡುದಾಗಿಯೂ ತಿಳಿಸಿ, ಕೊನೆಯಲ್ಲಿ ಹೀಗೆ ಕೇಳಿದ್ದಾರೆ: “ತಂತಿ ಕಟ್ಟಿ ಸುತ್ತಿಸುವುದನ್ನು ವಿಮಾನವೆಂದು ಕರೆಯುವುದು ಸರಿಯೆ? ಕವಣೆಯ ಕಲ್ಲು ಬೀಳದೆ ಸುತ್ತುವಂತೆ ಅದೂ ತಂತಿಯ ಬಲದಿಂದಲೇ ಮೇಲೆ ನಿಂತಿರುವುದಲ್ಲವೆ?” ಈ ಆಟ ನಡೆಯುವಲ್ಲೆಲ್ಲ ನೆರೆದವರಲ್ಲಿ ಒಬ್ಬರಾದರೂ ಈ ಮಾತನ್ನು ಆಡುವುದನ್ನು ನಾನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. ಮಾತು ಸಹಜವಾದುದೇ, ಆದರೆ ಅದು ತಪ್ಪು, ಮತ್ತು ಆ ತಪ್ಪನ್ನು ಬಿಡಿಸುತ್ತ ಹೋದಂತೆ ಹಾರಾಟದ ಮರ್ಮವೇ ನಮ್ಮ ಕೈಗೆ ಸಿಕ್ಕುವುದರಿಂದ ಇದಕ್ಕೆ ಸಾವಕಾಶವಾಗಿ ಉತ್ತರ ಕೊಡುವುದು ನನಗೆ ಬಹಳ ಸಂತೋಷದ ಕೆಲಸ.

ನನ್ನ ಬಾಲ್ಯ ಕಳೆದದ್ದು ನೀಲಗಿರಿಯ ಬುಡದ ಮಸಿನಗುಡಿಯಲ್ಲಿ. ತಂದೆಯವರು ಸಿಂಗಾರದ ಜಲವಿದ್ಯುದಾಗಾರದ ನೌಕರರು. ನೆರೆಮನೆಯ ಅಣ್ಣನೊಬ್ಬನು ಮೈಸೂರಿನಲ್ಲಿ ಓದುತ್ತ, ಅಲ್ಲಿ ಎನ್.ಸಿ.ಸಿ. ವಾಯುವಿಭಾಗವನ್ನು ಸೇರಿ, ಬೇಸಗೆಯ ರಜೆ ಬಂತೆಂದರೆ ರಟ್ಟಿನ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದನು. ಪೆಟ್ಟಿಗೆಯೊಳಗಿನ ವಿಮಾನ ಬಾಲ್ಸಾ ಮರದ್ದು. ದಕ್ಷಿಣ ಅಮೆರಿಕದ ಈ ಮರ ಸಮಗಾತ್ರದ ನೀರಿನ ಸುಮಾರು ಆರನೆಯ ಒಂದು ಪಾಲಿನಷ್ಟೇ ತೂಗುತ್ತದೆ. ಆ ಕಾಲದಲ್ಲಿ ನಮ್ಮ ದೇಶದ ಹುಡುಗರಿಗೆ ಬಾಲ್ಸಾ ಹಲಗೆ, ರೆಕ್ಕೆಗೆ ಹೊದಿಸುವ ತೆಳುಕಾಗದ, ಅದನ್ನು ಬಿಗಿಗೊಳಿಸುವ ಡೋಪ್ ಎಂಬ ಮೆರುಗೆಣ್ಣೆ, ಇವೆಲ್ಲ ಕಲ್ಕತ್ತೆಯ ಇಂಡಿಯಾಸ್ ಹಾಬಿ ಸೆಂಟರಿನಿಂದ ಅಂಚೆಯಲ್ಲಿ ಬರಬೇಕಾಗಿತ್ತು. ಸಂಜೆ ಆನೆಗಳು ಇಳಿಯುವ ಹೊತ್ತಿಗೆ ಮೊದಲೇ ಮನೆ ಸೇರಬೇಕೆಂಬ ಹಿರಿಯರ ಕಟ್ಟಪ್ಪಣೆಯನ್ನು ಮೀರದೆ, ಊರ ಹೊರಗಿನ ಒಣ ಬಯಲಿನಲ್ಲಿ ನಾವು ಹುಡುಗರೆಲ್ಲ ಆ ವಿಮಾನದ ಸೇವೆಗೆ ನಿಂತೆವು. ಒಬ್ಬನು ಬಾಲ ಹಿಡಿಯುವನು, ಒಬ್ಬನು ಪ್ರೊಪೆಲರನ್ನು ಬೆರಳಿನಿಂದ ಬಡಿದು ತಿರುಗಿಸುವನು, ಉಳಿದವರು ದನಕರುಗಳು ವೃತ್ತದೊಳಕ್ಕೆ ನುಗ್ಗದಂತೆ ಕಾಯುವರು.

ಈಗ ಪ್ರಶ್ನೆಗೆ ಬರೋಣ. ಕಲ್ಲನ್ನು ದಾರಕ್ಕೆ ಕಟ್ಟಿ ತಲೆಯ ಸುತ್ತ ಸಮನಾಗಿ ತಿರುಗಿಸುವವನು ಎಷ್ಟೇ ವೇಗವಾಗಿ ತಿರುಗಿಸಲಿ, ಕಲ್ಲು ಅವನ ಕೈಯ ಮಟ್ಟಕ್ಕಿಂತ ಕೂದಲೆಳೆಯಷ್ಟಾದರೂ ಕೆಳಗೇ ಇರುತ್ತದೆ. ಕಲ್ಲಿನ ಭಾರವನ್ನು ಹೊರುವುದಕ್ಕೆ ದಾರವೊಂದೇ ಆಧಾರವಾದುದರಿಂದ ದಾರವು ಕಲ್ಲನ್ನು ಸ್ವಲ್ಪವಾದರೂ ಮೇಲಕ್ಕೆ ಎಳೆಯುತ್ತಿರಬೇಕು. ಹಾಗೆ ಎಳೆಯಬೇಕಾದರೆ ಕೈ ಮೇಲೂ ಕಲ್ಲು ಕೆಳಗೂ ಇರಲೇಬೇಕು. ಆದರೆ ನಮ್ಮ ವಿಮಾನ ಹಾರಿಸುವವನ ತಲೆಗಿಂತ ಎತ್ತರದಲ್ಲಿ, ಮನಸ್ಸು ಬಂದರೆ ಅವನ ನಡುನೆತ್ತಿಯ ಮೇಲೆಯೇ, ಹಾಯುತ್ತದೆ. ನೆಲದ ಮೇಲೆ ನಿಂತವನ ಕೈಯಿಂದ ಹೊರಟ ತಂತಿ ಅದನ್ನು ಒಳಕ್ಕೆ ಮತ್ತು ಕೆಳಕ್ಕೆ ಎಳೆಯಬಲ್ಲುದೇ ಹೊರತು ಒಂದು ಗುಂಜಿಯಷ್ಟಾದರೂ ಮೇಲಕ್ಕೆ ಎತ್ತಲಾರದು. ಆದುದರಿಂದ ತಂತಿ ಅದಕ್ಕೆ ಆಸರೆಯಲ್ಲ, ಹೊರೆ. ಆ ಹೊರೆಯನ್ನೂ ತನ್ನ ಭಾರವನ್ನೂ ಹೊತ್ತು ನಿಲ್ಲಿಸುವುದು ರೆಕ್ಕೆಯ ಮೇಲೆ ಹರಿಯುವ ಗಾಳಿಯೊಂದೇ.

ಹಾಗಾದರೆ ತಂತಿಗೆ ಕೆಲಸವೇ ಇಲ್ಲವೆ? ಎರಡು ಕೆಲಸಗಳಿವೆ. ಮೊದಲನೆಯದು, ನೇರವಾಗಿ ಹೋಗಿಬಿಡಬೇಕಾದ ವಿಮಾನದ ದಾರಿಯನ್ನು ಬಾಗಿಸಿ ವೃತ್ತವಾಗಿಸುವುದು. ಹದಿನೈದು ಮೀಟರು ಉದ್ದದ ತಂತಿಯ ತುದಿಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹಾರುವ ವಿಮಾನ ನಾಲ್ಕು ಸೆಕೆಂಡಿಗೆ ತುಸು ಮೀರಿದ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಷ್ಟರಲ್ಲಿ ಅದು ಹಾರಿಸುವವನ ಕೈಯನ್ನು ತನ್ನ ತೂಕದ ಮೂರೂಕಾಲು ಪಟ್ಟಿಗೂ ಮಿಗಿಲಾಗಿ ಜಗ್ಗುತ್ತಿರುತ್ತದೆ. ನಾನೂರು ಗ್ರಾಂ ತೂಗುವ ವಿಮಾನ ಒಂದೂಕಾಲು ಕಿಲೋಗ್ರಾಮಿಗೂ ಹೆಚ್ಚಿನ ಭಾರದಂತೆ ಬೆರಳುಗಳನ್ನು ಎಳೆಯುವ ಆ ಅನುಭವವನ್ನು ಒಮ್ಮೆ ಪಡೆದವನು ಮರೆಯಲಾರನು. ಎರಡನೆಯ ಕೆಲಸ ಇನ್ನೂ ಸೊಗಸಾದುದು. ತಂತಿಗಳೆರಡೂ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನಾಕಾರದ ತಗಡಿಗೆ ಸೇರಿರುತ್ತವೆ. ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದರೆ ಆ ತಗಡು ತಿರುಗಿ, ಒಂದು ಕಡ್ಡಿಯ ಮೂಲಕ ಬಾಲದ ಎಲಿವೇಟರ್ ಎಂಬ ಚಲಿಸುವ ಫಲಕವನ್ನು ಎತ್ತುತ್ತದೆ, ವಿಮಾನ ಏರುತ್ತದೆ. ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ವಿಮಾನ ಗಾಳಿಯಲ್ಲಿ ಮೇಲಿಂದ ಮೇಲೆ ಲಾಗ ಹಾಕಿದಾಗ ತಂತಿಗಳೆರಡೂ ಒಂದಕ್ಕೊಂದು ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಆದರೂ ನುಣುಪಾದ ಉಕ್ಕಿನ ಎಳೆಗಳು ಒಂದರ ಮೇಲೊಂದು ಜಾರುತ್ತ ಕೈಯ ಸೂಚನೆಯನ್ನು ತಪ್ಪದೆ ಮುಟ್ಟಿಸುತ್ತವೆ. ಇದನ್ನು ಮೊದಲ ಸಲ ಕಂಡಾಗ ನನಗಾದ ಬೆರಗು ಇಂದಿಗೂ ಕುಂದಿಲ್ಲ. ಇಷ್ಟೆಲ್ಲ ನಡೆಯಬೇಕಾದರೆ ತಂತಿ ಸದಾ ಬಿಗಿಯಾಗಿರಬೇಕು. ಸಡಿಲವಾದ ತಂತಿ ಯಾವ ಆಜ್ಞೆಯನ್ನೂ ಒಯ್ಯಲಾರದು. ಅದಕ್ಕಾಗಿಯೇ ಹೊರರೆಕ್ಕೆಯ ತುದಿಯಲ್ಲಿ ಸೀಸದ ಸಣ್ಣ ತುಣುಕು, ಹೊರಕ್ಕೆ ತಿರುಗಿಸಿದ ಬಾಲದ ಚುಕ್ಕಾಣಿ, ಹೊರಕ್ಕೆ ಓರೆಯಾದ ಎಂಜಿನ್, ಎಲ್ಲವೂ ವಿಮಾನವನ್ನು ವೃತ್ತದಿಂದ ಆಚೆಗೆ ತಳ್ಳುವ ಉಪಾಯಗಳು.

ಎಂಜಿನಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದಾಗಿತ್ತು. ಆದರೆ ಅದರ ಇಂಧನವನ್ನು ಕುರಿತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ನಮ್ಮದು ಡೀಸೆಲ್ ಎಂದು ಕರೆಯಲ್ಪಡುತ್ತಿದ್ದ ಒಂದೂವರೆ ಸಿ.ಸಿ. ಎಂಜಿನ್. ಅದಕ್ಕೆ ಕಿಡಿ ಹಾರಿಸುವ ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಇಂಧನವನ್ನು ಚಿಮ್ಮಿಸುವ ಪಂಪೂ ಇಲ್ಲ. ಸೀಮೆಎಣ್ಣೆ, ಹರಳೆಣ್ಣೆ, ಈಥರ್, ಈ ಮೂರನ್ನು ಹೆಚ್ಚುಕಡಿಮೆ ಸಮಭಾಗವಾಗಿ ಬೆರೆಸಿದರೆ ಆಯಿತು. ಅಣ್ಣನು ಗಾಜಿನ ಶೀಸೆಯಲ್ಲಿ ಮೊದಲು ಸೀಮೆಎಣ್ಣೆ ಸುರಿದು, ಅದರ ಮೇಲೆ ಹರಳೆಣ್ಣೆ ಬಿಡುವನು. ಹರಳೆಣ್ಣೆ ಬೆರೆಯದೆ, ದಪ್ಪನಾದ ಹಳದಿ ಪದರವಾಗಿ ತಳದಲ್ಲಿ ಕೂರುವುದು. ಎಷ್ಟು ಕುಲುಕಿದರೂ ಬಿಳುಪಾಗಿ ಕದಡಿ ಮತ್ತೆ ಬೇರೆಯಾಗುವುದು. ಆಮೇಲೆ ಈಥರನ್ನು ಹೊಯ್ದು ಒಮ್ಮೆ ಕುಲುಕಿದನೆಂದರೆ ಪದರಗಳೆರಡೂ ಮಾಯವಾಗಿ ಶೀಸೆಯ ಆಚೆಗಿನ ಬೆಟ್ಟ ಸ್ಪಷ್ಟವಾಗಿ ಕಾಣುವಷ್ಟು ತಿಳಿಯಾದ ಒಂದೇ ದ್ರವವಾಗುತ್ತಿತ್ತು. ಈಥರ್ ಎರಡು ಎಣ್ಣೆಗಳ ನಡುವಣ ಸಂಧಾನಕಾರ. ಅಷ್ಟೇ ಅಲ್ಲದೆ, ಒತ್ತಿದಾಗ ಏರುವ ಕಾವಿಗೇ ಹೊತ್ತಿಕೊಂಡು ಉಳಿದವನ್ನೂ ಹೊತ್ತಿಸುವ ಅಗ್ನಿಯೂ ಅದೇ. ರುಡಾಲ್ಫ್ ಡೀಸೆಲನ ಎಂಜಿನಿನಲ್ಲಿ ಬರಿಯ ಗಾಳಿಯನ್ನು ಒತ್ತಿ, ಕೊನೆಯಲ್ಲಿ ಇಂಧನವನ್ನು ಚಿಮ್ಮಿಸುತ್ತಾರೆ. ನಮ್ಮ ಪುಟ್ಟ ಎಂಜಿನಿನಲ್ಲಾದರೋ ಗಾಳಿಯೂ ಇಂಧನವೂ ಮೊದಲೇ ಬೆರೆತು, ಒತ್ತಡಕ್ಕೆ ಸಿಕ್ಕಿ, ಎಲ್ಲೆಡೆ ಒಮ್ಮೆಲೇ ಹೊತ್ತುತ್ತವೆ. ಇಂಥ ದಹನವನ್ನು ಪಳಗಿಸುವ ಸಲುವಾಗಿ ದೊಡ್ಡ ಕಾರ್ ಕಂಪನಿಗಳು ದಶಕಗಟ್ಟಲೆ ಶ್ರಮಿಸಿದವು. ಇದಕ್ಕೆ ಹತ್ತಿರವಾದ ವಿಧಾನದ ಪೆಟ್ರೋಲ್ ಎಂಜಿನನ್ನು ಜಪಾನಿನ ಮಜ್ದಾ ಮಾರುಕಟ್ಟೆಗೆ ತಂದದ್ದು 2019ರಲ್ಲಿ.

ಒಂದು ಬೇಸಗೆಯಲ್ಲಿ ಅಣ್ಣನು ಇದೇ ವಿಮಾನವನ್ನು ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿಸಿ ಉದಕಮಂಡಲಕ್ಕೆ ಒಯ್ದನು, ನಾವೂ ಹಿಂಬಾಲಿಸಿದೆವು. ಮಸಿನಗುಡಿ ಸಮುದ್ರಮಟ್ಟದಿಂದ ಸುಮಾರು 950 ಮೀಟರು, ಉದಕಮಂಡಲ ಸುಮಾರು 2,240 ಮೀಟರು ಎತ್ತರದಲ್ಲಿವೆ. ಸಮುದ್ರತೀರದ ಗಾಳಿಯ ಸಾಂದ್ರತೆಯನ್ನು ನೂರೆಂದು ಇಟ್ಟುಕೊಂಡರೆ ಮಸಿನಗುಡಿಯಲ್ಲಿ ಅದು ತೊಂಬತ್ತೊಂದು, ಊಟಿಯಲ್ಲಿ ಎಂಬತ್ತು. ಎಂದರೆ ಒಂದು ಗಂಟೆಯ ದಾರಿಯಲ್ಲಿ ನಾವು ಗಾಳಿಯ ಎಂಟನೆಯ ಒಂದು ಪಾಲನ್ನು ಕೆಳಗೆ ಬಿಟ್ಟು ಬಂದಿದ್ದೆವು. ಎಂಜಿನ್ ಮೊದಲು ಹಟ ಹಿಡಿಯಿತು. ಗಾಳಿ ಕಡಿಮೆಯಾದಷ್ಟೂ ಇಂಧನವನ್ನೂ ಕಡಿಮೆ ಮಾಡಬೇಕಾದುದರಿಂದ ಅಣ್ಣನು ನೀಡಲ್ ವಾಲ್ವನ್ನು ಸ್ವಲ್ಪ ಮುಚ್ಚಿ, ವಿರಳವಾದ ತಣ್ಣನೆಯ ಗಾಳಿಯಲ್ಲಿಯೂ ಇಂಧನ ಹೊತ್ತಿಕೊಳ್ಳುವಂತೆ ತಲೆಯ ಮೇಲಿನ ಕಂಪ್ರೆಷನ್ ಸ್ಕ್ರೂವನ್ನು ಬಿಗಿಮಾಡಿದನು. ಆಗ ಅದು ಮೊರೆಯತೊಡಗಿತು. ವಿಮಾನ ಓಡಿತು, ಓಡಿತು, ಏಳಲೊಲ್ಲದು! ಕೆಳಗಿನ ಬಯಲಿನಲ್ಲಿ ಏಳುತ್ತಿದ್ದ ಗುರುತನ್ನು ಬಹಳ ದೂರ ದಾಟಿದ ಮೇಲೆ ಚಕ್ರಗಳು ಹುಲ್ಲನ್ನು ಬಿಟ್ಟವು. ಮೇಲೇರಿದ ಮೇಲೆ ಮಾತ್ರ ಅದು ಮೊದಲಿನಷ್ಟೇ ವೇಗವಾಗಿ ಸುತ್ತಿತು, ಮೊದಲಿನಷ್ಟೇ ಬಲವಾಗಿ ಕೈಯನ್ನು ಜಗ್ಗಿತು.

ಇದರ ಅರ್ಥವನ್ನು ನಿಧಾನವಾಗಿ ಪರ್ಯಾಲೋಚಿಸಬೇಕು. ಗಾಳಿ ವಿರಳವಾದಾಗ ಎಂಜಿನಿನ ಶಕ್ತಿ ಎಷ್ಟು ತಗ್ಗುವುದೋ ವಿಮಾನವನ್ನು ತಡೆಯುವ ಗಾಳಿಯ ಪ್ರತಿರೋಧವೂ ಸುಮಾರಾಗಿ ಅಷ್ಟೇ ತಗ್ಗುವುದರಿಂದ ಸಮತಟ್ಟಾದ ಹಾರಾಟದ ವೇಗ ಬದಲಾಗುವುದಿಲ್ಲ. ವೇಗ, ತೂಕ, ತಂತಿಯ ಉದ್ದಗಳು ಬದಲಾಗದಿದ್ದ ಮೇಲೆ ತಂತಿಯ ಸೆಳೆತವೂ ಬದಲಾಗದು. ಆದರೆ ನೆಲವನ್ನು ಬಿಡುವುದಕ್ಕೆ ಬೇಕಾದ ವೇಗ ಹೆಚ್ಚುತ್ತದೆ, ಆ ವೇಗವನ್ನು ಮುಟ್ಟಿಸುವ ನೂಕುಬಲ ಕಡಿಮೆಯಾಗುತ್ತದೆ. ಎರಡೂ ಸೇರಿ, ಗಾಳಿ ಎಂಟರಲ್ಲಿ ಒಂದು ಪಾಲು ಕಡಿಮೆಯಾದರೆ ಓಟದ ದೂರ ಸುಮಾರು ಮೂರರಲ್ಲಿ ಒಂದು ಪಾಲು ಬೆಳೆಯುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ತಂತಿಯೇ ಆಗಿದ್ದರೆ ಮಸಿನಗುಡಿಗೂ ಊಟಿಗೂ ಎಳ್ಳಷ್ಟೂ ವ್ಯತ್ಯಾಸವಿರಬಾರದಾಗಿತ್ತು. ತಂತಿ ಅದೇ, ಸೆಳೆತ ಅದೇ, ಕೈ ಅದೇ. ಬದಲಾದದ್ದು ಗಾಳಿಯೊಂದೇ, ಮತ್ತು ಅದರೊಂದಿಗೆ ಹಾರಾಟ. ಗೂಡಲೂರಿನ ಮಿತ್ರರಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವನ್ನು ನಾನು ಒದಗಿಸಲಾರೆ.

ಇಲ್ಲಿ ಒಂದು ಮೂಢನಂಬಿಕೆಯನ್ನು ಖಂಡಿಸದೆ ಮುಂದುವರಿಯಲಾರೆ. ಹುಡುಗನೊಬ್ಬನು ಮೊದಲ ಬಾರಿಗೆ ಹಿಡಿಕೆ ಹಿಡಿದು, ವಿಮಾನದೊಂದಿಗೆ ತಾನೂ ಸುತ್ತಿ ಸುತ್ತಿ, ಅದು ನೆಲಕ್ಕಿಳಿದ ಕೂಡಲೆ ತತ್ತರಿಸಿ ಬಿದ್ದನು. ಹಾದಿಯಲ್ಲಿ ಹೋಗುತ್ತಿದ್ದ ಹಿರಿಯರು ಅವನಿಗೆ ಗಾಳಿ ಸೋಕಿತೆಂದು ತೀರ್ಮಾನಿಸಿದರು; ಮರುದಿನ ಅವನ ತೋಳಿನಲ್ಲಿ ತಾಯಿತ ಕಾಣಿಸಿಕೊಂಡಿತು, ಬಯಲಿಗೆ ಬರುವುದು ನಿಂತಿತು. ಒಂದು ಕೂಸಿನ ಕುತೂಹಲವನ್ನು ಹೀಗೆ ದಾರ ಕಟ್ಟಿ ಕೊಲ್ಲುವುದು ಅನ್ಯಾಯ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ದೇಹ ತಿರುಗಲಾರಂಭಿಸಿದಾಗ ದ್ರವ ಹಿಂದುಳಿದು, ತಿರುಗುತ್ತಿರುವೆವೆಂಬ ವರ್ತಮಾನವನ್ನು ಮಿದುಳಿಗೆ ಮುಟ್ಟಿಸುತ್ತದೆ. ಒಂದೇ ಸಮನೆ ತಿರುಗುತ್ತಲಿದ್ದರೆ ಸುಮಾರು ಅರ್ಧ ನಿಮಿಷದೊಳಗೆ ದ್ರವವೂ ಜೊತೆಗೂಡಿ ವರ್ತಮಾನ ನಿಲ್ಲುತ್ತದೆ. ದೇಹ ನಿಂತಾಗ ದ್ರವ ಮಾತ್ರ ಇನ್ನೂ ಚಲಿಸುತ್ತಲೇ ಇರುವುದರಿಂದ ಬಯಲೆಲ್ಲ ವಿರುದ್ಧ ದಿಕ್ಕಿಗೆ ಗಿರ್ರನೆ ತಿರುಗಿದಂತೆ ತೋರಿ ಮನುಷ್ಯ ಬೀಳುತ್ತಾನೆ. ನೋಟವನ್ನು ಹಿನ್ನೆಲೆಯ ಬೆಟ್ಟಗಳಿಗೆ ಕೊಡದೆ ವಿಮಾನದಲ್ಲಿಯೇ ನೆಟ್ಟವನಿಗೆ ತೊಂದರೆ ಕಡಿಮೆ. ಕೆಲವು ದಿನಗಳ ಅಭ್ಯಾಸವಾದ ಮೇಲೆ ಅದು ಬಹುಮಟ್ಟಿಗೆ ಅಡಗುತ್ತದೆ. ಇದಕ್ಕೆ ಬೇಕಾದುದು ಅಭ್ಯಾಸ, ಮಂತ್ರವಾದಿಯಲ್ಲ.

ಭಯಪಡಬೇಕಾದ ವಸ್ತು ಬೇರೆಯೇ ಇದೆ. ಸಿಂಗಾರ, ಮೋಯಾರುಗಳ ವಿದ್ಯುದಾಗಾರಗಳಿಂದ ಹೊರಡುವ ಭಾರೀ ವಿದ್ಯುತ್ ತಂತಿಗಳು ನಮ್ಮ ಸೀಮೆಯ ಬಯಲುಗಳ ಮೇಲೆ ಹಾಯ್ದಿವೆ. ವಿಮಾನದ ತಂತಿ ಉಕ್ಕಿನದು, ಅದರ ಇನ್ನೊಂದು ತುದಿ ಹುಡುಗನ ಅಂಗೈಯಲ್ಲಿದೆ. ಕಂಬವೊಂದು ಹತ್ತಿರದಲ್ಲಿ ಕಂಡರೂ ಅಲ್ಲಿ ಪೆಟ್ಟಿಗೆಯನ್ನು ಬಿಚ್ಚಕೂಡದೆಂಬುದು ತಂದೆಯವರು ವಿಧಿಸಿದ್ದ ಏಕೈಕ ನಿಯಮ; ಗುಡುಗುವ ದಿನಗಳಲ್ಲಿಯೂ ಅದೇ ನಿಷೇಧ. ಎಲ್ಲ ಹೆತ್ತವರೂ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ವಿಮಾನವನ್ನು ವೃತ್ತದಲ್ಲಿ ಹಾರಿಸುವುದು ಕೀಳು ಆಟವೆಂದು ಯಾರೂ ಭಾವಿಸಬಾರದು. ಹಾರಾಟದ ವಿಜ್ಞಾನ ಹುಟ್ಟಿದ್ದೇ ವೃತ್ತದಲ್ಲಿ. ಇಂಗ್ಲೆಂಡಿನ ಜಾರ್ಜ್ ಕೇಯ್ಲಿ 1804ರಲ್ಲಿ ತಿರುಗುವ ತೋಳೊಂದರ ತುದಿಗೆ ರೆಕ್ಕೆಯ ಫಲಕವನ್ನು ಕಟ್ಟಿ, ಗಾಳಿ ಅದನ್ನು ಎಷ್ಟು ಎತ್ತುತ್ತದೆಂದು ಅಳೆದನು. 1879ರಲ್ಲಿ ಫ್ರಾನ್ಸಿನ ವಿಕ್ಟರ್ ತಾತ್ಯಾಂ, ಅದುಮಿದ ಗಾಳಿಯಿಂದ ನಡೆಯುವ ಮಾದರಿ ವಿಮಾನವನ್ನು ಗೂಟಕ್ಕೆ ಕಟ್ಟಿ ಸುತ್ತ ಹಾರಿಸಿದನು. ಎರಡು ತಂತಿಗಳ ಮೂಲಕ ಎಲಿವೇಟರನ್ನು ಆಳುವ ಕ್ರಮವನ್ನು 1940ರ ಸುಮಾರಿಗೆ ಅಮೆರಿಕದ ಓರೆಗಾನ್ ರಾಜ್ಯದ ಜಿಮ್ ವಾಕರ್ ಜನಪ್ರಿಯಗೊಳಿಸಿ ಪೇಟೆಂಟನ್ನೂ ಪಡೆದನು. ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಅದಕ್ಕೆ ಕೆಲವು ವರ್ಷ ಮೊದಲೇ ಇದನ್ನು ಸಾಧಿಸಿದ್ದನೆಂದು 1955ರ ಮೊಕದ್ದಮೆಯಲ್ಲಿ ನಿರ್ಣಯವಾಯಿತು. ಇಂದಿನ ಅಂತರರಾಷ್ಟ್ರೀಯ ವೇಗದ ಸ್ಪರ್ಧೆಗಳಲ್ಲಿ ಎರಡೂವರೆ ಸಿ.ಸಿ. ಎಂಜಿನಿನ ಇಂಥ ವಿಮಾನಗಳು ಗಂಟೆಗೆ 300 ಕಿಲೋಮೀಟರು ವೇಗದ ಆಸುಪಾಸಿನಲ್ಲಿ ಸುತ್ತುತ್ತವೆ. ಹಾರಿಸುವವನು ತೋಳಿನಿಂದ ಎಳೆದು ವೇಗವನ್ನು ಹೆಚ್ಚಿಸದಂತೆ ಅವನ ಹಿಡಿಕೆಯನ್ನು ನಡುಗಂಬದ ಕವಲಿನಲ್ಲಿ ಇರಿಸಬೇಕೆಂಬ ನಿಯಮವೂ ಅಲ್ಲಿದೆ.

ಪತ್ರ ಬರೆದ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ತಮ್ಮ ಮಗನಿಗೆ ಒಂದು ಅಳತೆಯ ಟೇಪನ್ನೂ ಒಂದು ಗಡಿಯಾರವನ್ನೂ ಕೊಡಿಸಲಿ. ಗಾಳಿಯಿಲ್ಲದ ಬೆಳಗಿನಲ್ಲಿ ಗೂಡಲೂರಿನ ಮೈದಾನದಲ್ಲಿ ವಿಮಾನ ನೆಲ ಬಿಡುವ ದೂರವನ್ನೂ ಹತ್ತು ಸುತ್ತಿನ ಕಾಲವನ್ನೂ ಅವನು ಬರೆದಿಟ್ಟುಕೊಂಡು, ಊಟಿಯಲ್ಲಿ ಅವನ್ನೇ ಮತ್ತೆ ಅಳೆಯಲಿ. ಸುತ್ತಿನ ಕಾಲ ಹೆಚ್ಚುಕಡಿಮೆ ಒಂದೇ ಆಗಿದ್ದು, ಓಟದ ದೂರ ಮಾತ್ರ ಬೆಳೆದಿದ್ದರೆ, ಅದು ವಿಮಾನವೋ ಅಲ್ಲವೋ ಎಂಬ ತಂದೆಯ ಪ್ರಶ್ನೆಗೆ ಮಗನೇ ಅಂಕಿಗಳಲ್ಲಿ ಉತ್ತರ ಕೊಡುವನು. ಯಾವ ಲೇಖನ ಕೊಡುವ ಉತ್ತರಕ್ಕಿಂತಲೂ ಅದು ಹೆಚ್ಚು ಬೆಲೆಯುಳ್ಳದ್ದು.