ವಿಮಾನದ ಮ್ಯಾಗ್ನೆಟೋ ಯಂತ್ರವೂ ಅದರ ದೋಷಪರೀಕ್ಷೆಯೂ

ಮದ್ದೂರು ತಾಲ್ಲೂಕಿನ ಕೊಪ್ಪಕ್ಕೆ ದಕ್ಷಿಣದಲ್ಲಿ, ನೆರೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಶಿವನಸಮುದ್ರದಲ್ಲಿ, ಕಾವೇರಿಯ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದಕ್ಕೆ ಆಧಾರವಾದ ತತ್ತ್ವವನ್ನು ಫ್ಯಾರಡೆಯು 1831ರಲ್ಲಿಯೇ ಕಂಡುಹಿಡಿದಿದ್ದನು. ತಂತಿಯ ಸುರುಳಿಯನ್ನು ಹಾಯ್ದುಹೋಗುವ ಅಯಸ್ಕಾಂತಶಕ್ತಿಯು ಹೆಚ್ಚುಕಡಿಮೆಯಾದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದೇ ಆ ತತ್ತ್ವ. ಎರಡು ಕೈಗಳಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಪೆಟ್ಟಿಗೆಯೊಂದರಲ್ಲಿ ಇದೇ ತತ್ತ್ವವು ಕೆಲಸಮಾಡುವಾಗ ಅದಕ್ಕೆ ಮ್ಯಾಗ್ನೆಟೋ ಎಂದು ಹೆಸರು. 1940ರಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಿಂದ ಹೊರಬಂದು 1951ರಲ್ಲಿ ಮೊದಲು ಹಾರಿದ ಎಚ್.ಟಿ.–2 ವಿಮಾನಕ್ಕೂ, 1958ರಲ್ಲಿ ಹಾರಿದ ಪುಷ್ಪಕವೆಂಬ ಚಿಕ್ಕ ವಿಮಾನಕ್ಕೂ ಎಂಜಿನ್ನಿನ ಕಿಡಿಯನ್ನು ಒದಗಿಸಿದುದು ಈ ಯಂತ್ರವೇ.

ಮ್ಯಾಗ್ನೆಟೋವಿನ ಒಳಗೆ ಎಂಜಿನ್ನೇ ತಿರುಗಿಸುವ ಒಂದು ಅಯಸ್ಕಾಂತವುಂಟು. ಅದರ ಪಕ್ಕದಲ್ಲಿ ಎರಡು ಪದರಗಳ ಸುರುಳಿಯಿರುತ್ತದೆ. ಒಳಗಿನದು ದಪ್ಪತಂತಿಯ ಕೆಲವೇ ಸುತ್ತುಗಳಿಂದಲೂ, ಹೊರಗಿನದು ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಿಂದಲೂ ಆದುದು. ಒಳಸುರುಳಿಯಲ್ಲಿ ಪ್ರವಾಹವು ಬಲವಾಗಿರುವ ಕ್ಷಣದಲ್ಲಿ ಪಾಯಿಂಟುಗಳೆಂಬ ಲೋಹದ ಜೋಡಿಯು ತೆರೆದು ಅದನ್ನು ತಟ್ಟನೆ ಕಡಿಯುತ್ತದೆ. ಆಗ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಂಡೆನ್ಸರು ಕಾಯುತ್ತದೆ. ಈ ಹಠಾತ್ ವಿಚ್ಛೇದದಿಂದ ಹೊರಸುರುಳಿಯಲ್ಲಿ ಹತ್ತು ಸಾವಿರ ವೋಲ್ಟುಗಳನ್ನೂ ಮೀರಿದ ಒತ್ತಡವುಂಟಾಗಿ, ಡಿಸ್ಟ್ರಿಬ್ಯೂಟರಿನ ಮೂಲಕ ಸರದಿಯಂತೆ ಒಂದೊಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ. ಇದಕ್ಕೆ ಬ್ಯಾಟರಿಯ ಹಂಗಿಲ್ಲ. ಬ್ಯಾಟರಿಯು ಪೂರ್ತಿ ಸೋತುಹೋದರೂ ಎಂಜಿನ್ನು ಆಕಾಶದಲ್ಲಿ ನಿಲ್ಲದೆ ನಡೆಯುತ್ತದೆ.

ವಿಮಾನದ ಎಂಜಿನ್ನಿಗೆ ಇಂಥ ಮ್ಯಾಗ್ನೆಟೋಗಳು ಎರಡು. ಪ್ರತಿಯೊಂದು ಸಿಲಿಂಡರಿಗೂ ಪ್ಲಗ್ಗುಗಳು ಎರಡು. ಒಂದು ಕೆಟ್ಟರೆ ಇನ್ನೊಂದು ಕಾಯಲೆಂಬುದು ಮೊದಲ ಉದ್ದೇಶ. ಎರಡು ಕಡೆಗಳಿಂದ ಹೊತ್ತಿದ ಇಂಧನವು ಬೇಗನೆಯೂ ಸಮನಾಗಿಯೂ ಉರಿಯಲೆಂಬುದು ಎರಡನೆಯದು. ಹಾರುವುದಕ್ಕೆ ಮುಂಚೆ ಮಾಡುವ ಪರೀಕ್ಷೆಯೂ ಈ ಜೋಡಿಯನ್ನೇ ಅವಲಂಬಿಸಿದೆ. ವೈಮಾನಿಕನು ಎಂಜಿನ್ನನ್ನು ಗೊತ್ತಾದ ವೇಗದಲ್ಲಿ ನಡೆಸುತ್ತ ಒಂದೊಂದು ಮ್ಯಾಗ್ನೆಟೋವನ್ನು ಪ್ರತ್ಯೇಕವಾಗಿ ನೋಡುತ್ತಾನೆ. ಒಂದೇ ಕಿಡಿಯಿಂದ ಉರಿಯು ನಿಧಾನವಾಗುವುದರಿಂದ ವೇಗವು ಕೊಂಚ ಇಳಿಯುವುದು ಸಹಜ. ಉದಾಹರಣೆಗೆ, ಸೆಸ್ನಾ 152 ವಿಮಾನದಲ್ಲಿ ನಿಮಿಷಕ್ಕೆ 1700 ಸುತ್ತುಗಳಿರುವಾಗ ಈ ಇಳಿತವು 125 ಸುತ್ತುಗಳನ್ನು ಮೀರಕೂಡದು. ಎರಡರ ಇಳಿತಗಳಿಗೂ ಇರುವ ಅಂತರವು 50ನ್ನು ಮೀರಕೂಡದು.

ಇಳಿತದ ರೀತಿಯಿಂದಲೇ ದೋಷದ ಜಾತಿಯನ್ನು ಊಹಿಸಬಹುದು. ವೇಗವು ಬಹಳವಾಗಿ ಇಳಿದು ಎಂಜಿನ್ನು ನಡುಗಿದರೆ, ಯಾವುದೋ ಒಂದು ಪ್ಲಗ್ಗಿನಲ್ಲಿ ಕಿಡಿಯಿಲ್ಲವೆಂದು ಅರ್ಥ. ಎಣ್ಣೆಯ ಮಸಿಯೋ ಪೆಟ್ರೋಲಿನ ಸೀಸವೋ ಕಟ್ಟಿಕೊಂಡಿರುವುದೇ ಸಾಮಾನ್ಯವಾದ ಕಾರಣ. ವೇಗವನ್ನು ಏರಿಸಿ, ಗಾಳಿಯೊಡನೆ ಬೆರೆಯುವ ಇಂಧನವನ್ನು ತಗ್ಗಿಸಿ ಸ್ವಲ್ಪ ಹೊತ್ತು ನಡೆಸಿದರೆ ಅದು ಅನೇಕ ವೇಳೆ ಉರಿದುಹೋಗುತ್ತದೆ. ಹೋಗದಿದ್ದರೆ ಆ ಮ್ಯಾಗ್ನೆಟೋ ಒಂದರಲ್ಲೇ ನಡೆಸಿ ನಿಲ್ಲಿಸಿದ ಮೇಲೆ ಯಾವ ಸಿಲಿಂಡರಿನ ಹೊಗೆಕೊಳವೆಯು ಉಳಿದವುಗಳಿಗಿಂತ ತಣ್ಣಗಿರುವುದೋ ದೋಷವು ಅಲ್ಲಿದೆ. ಅನಂತರ ಅಲ್ಲಿಯ ಪ್ಲಗ್ಗನ್ನು ಬೇರೊಂದು ಸಿಲಿಂಡರಿನ ಪ್ಲಗ್ಗಿಗೆ ಬದಲಾಯಿಸಿ ನೋಡಬೇಕು. ದೋಷವು ಪ್ಲಗ್ಗಿನೊಡನೆ ಹೋದರೆ ಪ್ಲಗ್ಗು ಕೆಟ್ಟಿದೆ. ಹೋಗದೆ ಅಲ್ಲಿಯೇ ನಿಂತರೆ ತಂತಿಯನ್ನೂ ಡಿಸ್ಟ್ರಿಬ್ಯೂಟರನ್ನೂ ಶಂಕಿಸಬೇಕು. ಪ್ರತಿಗಳನ್ನು ಹೋಲಿಸಿ ಅಪಪಾಠದ ಮೂಲವನ್ನು ಹುಡುಕುವ ಗ್ರಂಥಸಂಪಾದಕನ ಕ್ರಮವೂ ಇದಕ್ಕಿಂತ ಬಹಳ ಭಿನ್ನವಲ್ಲ.

ವೇಗವು ಬಹಳವಾಗಿ ಇಳಿದರೂ ಎಂಜಿನ್ನು ನಡುಗದೆ ಸಮನಾಗಿ ನಡೆದರೆ ಕಿಡಿಯು ತಡವಾಗಿ ಬರುತ್ತಿರುವ ಸಂಭವವುಂಟು. ಪಾಯಿಂಟುಗಳ ಅಂತರವನ್ನೂ ಮ್ಯಾಗ್ನೆಟೋವನ್ನು ಕೂಡಿಸಿರುವ ಕಾಲವನ್ನೂ ಪರೀಕ್ಷಿಸಬೇಕು. ತಣ್ಣಗಿರುವಾಗ ಚೆನ್ನಾಗಿ ನಡೆದು ಕಾದಮೇಲೆ ತಪ್ಪುವುದಾದರೆ ಸುರುಳಿಯ ಹೊದಿಕೆಯೋ ಕಂಡೆನ್ಸರೋ ಶಿಥಿಲವಾಗಿರಬಹುದು. ಇಂಥದನ್ನು ತಣ್ಣಗೆ ಪರೀಕ್ಷಿಸಿದರೆ ಗುಣವೇ ಕಾಣುವುದರಿಂದ ಮೋಸಹೋಗುವುದು ಸುಲಭ.

ಇವೆಲ್ಲಕ್ಕಿಂತ ಅಪಾಯಕರವಾದ ದೋಷವು ಗುಣದಂತೆಯೇ ತೋರುತ್ತದೆ. ಮನೆಯ ದೀಪದ ಗುಂಡಿಯು ಮಂಡಲವನ್ನು ಕಡಿದು ದೀಪವನ್ನು ಆರಿಸುತ್ತದೆ. ತಂತಿಯು ತುಂಡಾದರೂ ದೀಪವು ಆರುತ್ತದೆ. ಮ್ಯಾಗ್ನೆಟೋವಿನದು ಇದಕ್ಕೆ ವಿಪರೀತ. ಅದರ ಒಳಸುರುಳಿಯನ್ನು ಒಂದು ತಂತಿಯಿಂದ ಎಂಜಿನ್ನಿನ ಲೋಹದ ಮೈಗೆ ಕೂಡಿಸಿದಾಗ ಮಾತ್ರ ಕಿಡಿಯು ನಿಲ್ಲುತ್ತದೆ. ಆದಕಾರಣ ಈ ತಂತಿಯು ತುಂಡಾದರೆ ಮ್ಯಾಗ್ನೆಟೋ ಸಾಯುವುದಿಲ್ಲ. ಬದಲಾಗಿ ಅದನ್ನು ನಿಲ್ಲಿಸುವುದೇ ಅಸಾಧ್ಯವಾಗುತ್ತದೆ. ಪರೀಕ್ಷಾಕಾಲದಲ್ಲಿ ವೇಗವು ಒಂದಿಷ್ಟೂ ಇಳಿಯದಿದ್ದರೆ, ಅದನ್ನು ಯಂತ್ರದ ಉತ್ಕರ್ಷವೆಂದು ತಿಳಿಯದೆ, ತಂತಿಯು ತುಂಡಾಗಿರಬಹುದೆಂದೂ ಕಿಡಿಯು ಬೇಗನೆ ಬರುವಂತೆ ಕೂಡಿಸಿರಬಹುದೆಂದೂ ಶಂಕಿಸತಕ್ಕದ್ದು. ಎಂಜಿನ್ನು ಅತಿ ನಿಧಾನವಾಗಿ ನಡೆಯುವಾಗ ಕೀಲಿಯನ್ನು ಕ್ಷಣಮಾತ್ರ ನಿಲುಗಡೆಯ ಸ್ಥಾನಕ್ಕೆ ತಿರುಗಿಸಿದರೆ ನಿಜವು ತಿಳಿಯುತ್ತದೆ. ಆಗಲೂ ಎಂಜಿನ್ನು ಸೊರಗದೆ ನಡೆದರೆ ಯಾವುದೋ ಒಂದು ಮ್ಯಾಗ್ನೆಟೋ ಕೀಲಿಯ ಅಧೀನದಲ್ಲಿಲ್ಲ.

ಹೀಗಿರುವ ವಿಮಾನವು ನಿಂತಿದ್ದರೂ ನಿದ್ರಿಸುತ್ತಿರುವುದಿಲ್ಲ. ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟಿದ್ದರೂ, ಸಿಲಿಂಡರಿನಲ್ಲಿ ಉಳಿದ ಅಲ್ಪ ಇಂಧನವು, ಯಾರಾದರೂ ಪ್ರೊಪೆಲರನ್ನು ಕೈಯಿಂದ ತುಸು ತಿರುಗಿಸಿದ ಮಾತ್ರಕ್ಕೆ ಹೊತ್ತಿಕೊಂಡು ಅದನ್ನು ಬೀಸಬಹುದು. ಆದ್ದರಿಂದ ಇಂಧನವನ್ನು ತಡೆದೇ ಎಂಜಿನ್ನನ್ನು ನಿಲ್ಲಿಸಬೇಕು. ತಂತಿಯನ್ನು ಸರಿಪಡಿಸುವವರೆಗೆ ಪ್ರೊಪೆಲರಿನ ಸುತ್ತಿನಲ್ಲಿ ಯಾರೂ ನಿಲ್ಲಕೂಡದು. ಇದನ್ನರಿತ ಕೆಲಸಗಾರರು, ದೋಷವಿಲ್ಲದ ವಿಮಾನದಲ್ಲಿಯೂ ಸಹ, ಪ್ರೊಪೆಲರನ್ನು ಸದಾ ಜೀವವುಳ್ಳದ್ದೆಂದೇ ಭಾವಿಸಿ ನಡೆದುಕೊಳ್ಳುತ್ತಾರೆ.