ಬೀದಿಯ ಹೂಕುಂಡಗಳೂ ನಗರರಕ್ಷಣೆಯೂ

ಮುಂಬಯಿಯ ಕೋಟೆ ಇಂದು ಹೆಸರಿನಲ್ಲಿ ಮಾತ್ರ ಉಳಿದಿದೆ. ಬಾರ್ಟಲ್ ಫ್ರಿಯರ್ ಗವರ್ನರನಾಗಿದ್ದ 1860ರ ದಶಕದಲ್ಲಿ ಅದರ ಗೋಡೆಗಳನ್ನು ಕೆಡವಲಾಯಿತು. ಅಪೊಲೊ, ಚರ್ಚ್, ಬಜಾರ್ ಎಂಬ ಮೂರು ಬಾಗಿಲುಗಳೂ ಮಾಯವಾದುವು. ಅವುಗಳಲ್ಲಿ ಒಂದರ ನೆನಪು ಚರ್ಚ್‌ಗೇಟ್ ನಿಲ್ದಾಣದ ಹೆಸರಿನಲ್ಲಿ ನಿಂತಿದೆ. ವ್ಯಾಪಾರ ಬೆಳೆಯಬೇಕಾದ ನಗರಕ್ಕೆ ಗೋಡೆ ತಕ್ಕುದಲ್ಲವೆಂಬುದು ಅಂದಿನವರ ನಿರ್ಣಯವಾಗಿತ್ತು. ಆದರೆ ಕಳೆದ ಮೂರು ದಶಕಗಳಲ್ಲಿ ಅದೇ ನಗರದಲ್ಲಿ ಸಣ್ಣ ಸಣ್ಣ ಗೋಡೆಗಳು ಮರಳಿ ತಲೆಯೆತ್ತಿವೆ. ಕಬ್ಬಿಣದ ಅಡ್ಡಗಟ್ಟೆ, ನೆಲದಲ್ಲಿ ನೆಟ್ಟ ಮೋಟುಕಂಬ, ಕಾಂಕ್ರೀಟಿನ ದೊಡ್ಡ ಹೂಕುಂಡ – ಇವೇ ಆ ಗೋಡೆಗಳು. ಇವುಗಳಲ್ಲಿ ಹೂಕುಂಡವು ಅತ್ಯಂತ ಸೌಮ್ಯರೂಪದ್ದು. ಆದ ಕಾರಣವೇ ಅದರ ಗುಣದೋಷಗಳನ್ನು ಯಾರೂ ಹೆಚ್ಚಾಗಿ ವಿಚಾರಿಸುವುದಿಲ್ಲ.

ರಕ್ಷಣೆಗಾಗಿ ಇಟ್ಟ ಹೂಕುಂಡಕ್ಕೆ ಎರಡು ಕೆಲಸಗಳಿವೆ. ವೇಗವಾಗಿ ನುಗ್ಗಿ ಬರುವ ವಾಹನವನ್ನು ತಡೆಯುವುದು ಒಂದು. ಸ್ಫೋಟಕ ತುಂಬಿದ ವಾಹನವು ಕಟ್ಟಡಕ್ಕೆ ಅಂಟಿಕೊಂಡು ನಿಲ್ಲದಂತೆ ಅಂತರವನ್ನು ಕಾಯುವುದು ಇನ್ನೊಂದು. ಸ್ಫೋಟದ ಒತ್ತಡವು ದೂರ ಹೆಚ್ಚಿದಂತೆ ಬಹು ಶೀಘ್ರವಾಗಿ ಕುಗ್ಗುವುದರಿಂದ, ಕೆಲವೇ ಮೀಟರುಗಳ ಅಂತರವೂ ಪ್ರಾಣಗಳನ್ನು ಉಳಿಸಬಲ್ಲುದು.

ಮೊದಲನೆಯ ಕೆಲಸದ ಬಲಾಬಲವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ವಾಹನದ ಚಲನಶಕ್ತಿಯು ತೂಕಕ್ಕೆ ಅನುಸಾರವಾಗಿಯೂ, ವೇಗದ ವರ್ಗಕ್ಕೆ ಅನುಸಾರವಾಗಿಯೂ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಣ್ಣು ತುಂಬಿದ ಕುಂಡವೊಂದು 2 ಟನ್ ತೂಗುವುದೆಂದೂ, ನೆಲಕ್ಕೆ ಬಂಧಿಸದೆ ಸುಮ್ಮನೆ ಇರಿಸಲ್ಪಟ್ಟಿದೆಯೆಂದೂ ಇಟ್ಟುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದ 1.5 ಟನ್ ತೂಕದ ಕಾರು ಅದಕ್ಕೆ ಬಡಿದು, ಎರಡೂ ಒಟ್ಟಾಗಿ ಮುಂದೆ ಸರಿದರೆ, ಬಡಿದ ಕ್ಷಣದಲ್ಲಿಯೇ ವೇಗವು ಸುಮಾರು 21ಕ್ಕೆ ಇಳಿಯುತ್ತದೆ. ಅದೇ ವೇಗದ 7.5 ಟನ್ ಲಾರಿಯಾದರೆ ವೇಗ ಇಳಿಯುವುದು ಸುಮಾರು 39ಕ್ಕೆ ಮಾತ್ರ. ನೆಲದ ಘರ್ಷಣೆ ಆಮೇಲೆ ಅದನ್ನು ಇನ್ನಷ್ಟು ಕುಗ್ಗಿಸುವುದು ನಿಜ. ಆದರೆ ಅಷ್ಟರಲ್ಲಿ ಕುಂಡವೇ ಜನರ ಮೇಲೆ ಬೀಳುವ ಬಂಡೆಯಾಗಿರುತ್ತದೆ. ಒಳಗೆ ಉಕ್ಕಿನ ಸರಳು, ಕೆಳಗೆ ನೆಲದೊಡನೆ ಬಂಧನ, ಪಕ್ಕದ ಕುಂಡದೊಡನೆ ಜೋಡಣೆ – ಇವುಗಳಿಲ್ಲದ ಕುಂಡವು ಕಾರನ್ನು ತಡವಿಸೀತು, ಲಾರಿಗೆ ಸೋತೀತು. ಇಂತಹ ತಡೆಗಳನ್ನು ನಿಜವಾದ ವಾಹನದಿಂದ ಡಿಕ್ಕಿ ಹೊಡೆಯಿಸಿ ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡಗಳು ಹುಟ್ಟಿರುವುದು ಇದೇ ಕಾರಣದಿಂದ.

ತಡೆಯುವುದಕ್ಕಿಂತಲೂ ವೇಗ ಕೂಡದಂತೆ ಮಾಡುವುದು ಲೇಸು. ಇದು ಹೊಸ ತತ್ತ್ವವಲ್ಲ. ಚಿತ್ರದುರ್ಗದ ಕೋಟೆಯನ್ನು ಕಂಡವರಿಗೆ ಅದರ ದಾರಿಗಳು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗದೆ ತಿರುತಿರುಗಿ ಹೋಗುವುದು ನೆನಪಿರಬಹುದು. ಆನೆಯಾಗಲಿ, ಸೈನ್ಯವಾಗಲಿ ಓಡಿಬಂದು ಬಾಗಿಲನ್ನು ಹಾಯುವುದಕ್ಕೆ ಬೇಕಾದ ನೇರ ನೆಲವೇ ಅಲ್ಲಿ ದೊರೆಯದು. ಇಂದಿನ ನಗರಯೋಜಕರು ಕುಂಡಗಳನ್ನು ಅಡ್ಡಡ್ಡವಾಗಿಟ್ಟು ರಸ್ತೆಯನ್ನು ಬಳಸುದಾರಿಯಾಗಿ ಮಾಡುವುದೂ ಇದೇ ಉಪಾಯ.

ಹೀಗಿರುವಲ್ಲಿ, ಮುಂಬಯಿಗೆ ಒದಗಿದ ವಿಪತ್ತುಗಳಲ್ಲಿ ಎಷ್ಟನ್ನು ಕುಂಡವು ತಡೆಯಬಲ್ಲುದಾಗಿತ್ತು? 1993ರ ಮಾರ್ಚ್ 12ರಂದು 257 ಮಂದಿಯನ್ನು ಬಲಿತೆಗೆದುಕೊಂಡ ಸರಣಿ ಸ್ಫೋಟಗಳಲ್ಲಿ ಮೊದಲನೆಯದು ಷೇರುಪೇಟೆಯ ಕಟ್ಟಡದ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ವಾಹನದಿಂದ ಆಯಿತು. ಅಲ್ಲಿ ಬಾಂಬಿಗೂ ಕಟ್ಟಡಕ್ಕೂ ಅಂತರವೇ ಇರಲಿಲ್ಲ. 2003ರ ಆಗಸ್ಟ್ 25ರಂದು ಗೇಟ್‌ವೇ ಆಫ್ ಇಂಡಿಯಾದ ಬಳಿಯಲ್ಲಿಯೂ ಜವೇರಿ ಬಜಾರಿನಲ್ಲಿಯೂ ಟ್ಯಾಕ್ಸಿಗಳಲ್ಲಿಟ್ಟ ಬಾಂಬುಗಳು ಸಿಡಿದುವು. 2008ರ ನವೆಂಬರ್ 26ರಂದಾದರೋ ಬಂದೂಕುಧಾರಿಗಳು ಕಾಲ್ನಡಿಗೆಯಲ್ಲಿಯೇ ಹೊಟೇಲು, ಕೆಫೆ, ರೈಲು ನಿಲ್ದಾಣಗಳನ್ನು ಹೊಕ್ಕರು. 2011ರ ಜುಲೈ 13ರಂದು ಜವೇರಿ ಬಜಾರ್, ಒಪೆರಾ ಹೌಸ್, ದಾದರ್ – ಈ ಮೂರು ಕಡೆಗಳಲ್ಲಿ ಸಂಜೆಯ ಸಂದಣಿಯ ನಡುವೆ ಸ್ಫೋಟಗಳಾದುವು. ಮೊದಲಿನ ಎರಡು ಬಗೆಯ ಅಪಾಯಕ್ಕೆ ಅಂತರವನ್ನು ಕಾಯುವ ತಡೆಯಿಂದ ಕೊಂಚ ಉಪಯೋಗವುಂಟು. ನಡೆದುಬರುವವನಿಗೆ ಹೂಕುಂಡವು ಅಡ್ಡಿಯೇ ಅಲ್ಲ. 1993, 2003, 2011 ಮೂರೂ ಸಲ ಪೆಟ್ಟುತಿಂದ ಜವೇರಿ ಬಜಾರಿನ ಇಕ್ಕಟ್ಟಿನ ಗಲ್ಲಿಗಳಲ್ಲಿ ಕುಂಡವನ್ನಿಡುವುದಕ್ಕೆ ಸ್ಥಳವೂ ಇಲ್ಲ.

ವಾಹನವನ್ನೇ ಆಯುಧವಾಗಿ ಬಳಸಿದ ದಾಳಿಗಳು ಯುರೋಪಿನಲ್ಲಿ ನಡೆದುವು. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಲಾರಿಯೊಂದು 86 ಮಂದಿಯನ್ನು ಕೊಂದಿತು. ಅದೇ ಡಿಸೆಂಬರಿನಲ್ಲಿ ಬರ್ಲಿನ್, ಮರುವರ್ಷ ಲಂಡನ್ ಮತ್ತು ಬಾರ್ಸಿಲೋನಾ ಇಂತಹವೇ ದುರಂತಗಳನ್ನು ಕಂಡುವು. ಆ ಬಳಿಕ ಅಲ್ಲಿನ ಅಂಗಡಿಬೀದಿಗಳಲ್ಲಿ ಹೂಕುಂಡಗಳೂ ಕಂಬಗಳೂ ಹೆಚ್ಚಿದುವು. ಆದರೂ 2024ರ ಡಿಸೆಂಬರ್ 20ರಂದು ಜರ್ಮನಿಯ ಮಾಗ್ಡೆಬುರ್ಗಿನಲ್ಲಿ, ತಡೆಗಳ ನಡುವೆ ತುರ್ತುವಾಹನಗಳಿಗಾಗಿ ಬಿಟ್ಟಿದ್ದ ತೆರವಿನಿಂದಲೇ ಕಾರು ಒಳನುಗ್ಗಿತು. ಅಗ್ನಿಶಾಮಕಕ್ಕೆ ದಾರಿ ಬಿಡಲೇಬೇಕು. ಬಿಟ್ಟ ದಾರಿಯನ್ನು ಕಾಯಲೂ ಬೇಕು. ಈ ಎರಡನೆಯದು ಮನುಷ್ಯರ ಕೆಲಸ, ಕುಂಡದ್ದಲ್ಲ.

ಇಲ್ಲಿಗೆ ಯಂತ್ರಶಾಸ್ತ್ರದ ಪ್ರಶ್ನೆ ಮುಗಿದು ಅರ್ಥಶಾಸ್ತ್ರದ ಪ್ರಶ್ನೆ ಮೊದಲಾಗುತ್ತದೆ. 2008ರ ದಾಳಿಯ ತರುವಾಯ ಅಪೊಲೊ ಬಂದರದ ತಾಜಮಹಲ್ ಹೊಟೇಲಿನ ಹೊರಗೆ ಕಾಲುದಾರಿಯ ಮೇಲೆ ಹೂಕುಂಡಗಳೂ ರಸ್ತೆಯ ಮೇಲೆ ತಡೆಗಳೂ ಬಂದುವು. ಆ ನೆಲ ಸಾರ್ವಜನಿಕವಾದುದು. ಅದರ ಉಪಯೋಗಕ್ಕೆ ಶುಲ್ಕ ಸಲ್ಲಬೇಕೆಂಬ ಪ್ರಶ್ನೆ ಎದ್ದು, ಕೊನೆಗೆ 2020ರ ಡಿಸೆಂಬರಿನಲ್ಲಿ ಮಹಾನಗರಪಾಲಿಕೆಯ ಸ್ಥಾಯೀ ಸಮಿತಿಯು ರಸ್ತೆಯ ಶುಲ್ಕವನ್ನು ಪೂರ್ಣವಾಗಿಯೂ ಕಾಲುದಾರಿಯ ಶುಲ್ಕವನ್ನು ಅರ್ಧವಾಗಿಯೂ ಮನ್ನಾ ಮಾಡಿತು. ಬಿಟ್ಟುಕೊಟ್ಟ ಮೊತ್ತ 8 ಕೋಟಿ ರೂಪಾಯಿಗಳಿಗೂ ಮೀರಿದ್ದರಿಂದ ವಿರೋಧಪಕ್ಷದವರು ಆಕ್ಷೇಪವೆತ್ತಿದರು. ಎರಡೂ ಕಡೆಗೆ ನ್ಯಾಯವುಂಟು. ಹೊಟೇಲಿನ ಮೇಲಾದ ದಾಳಿ ದೇಶದ ಮೇಲಾದ ದಾಳಿಯಾಗಿರಲು, ಅದರ ರಕ್ಷಣೆಗೆ ಬಾಡಿಗೆ ಕೇಳುವುದು ಉಚಿತವಲ್ಲವೆನ್ನಬಹುದು. ಆದರೆ ಕಾಲುದಾರಿಯ ಸಣ್ಣ ವ್ಯಾಪಾರಿಯಿಂದ ಅಂಗುಲ ಅಂಗುಲಕ್ಕೆ ಲೆಕ್ಕ ಕೇಳುವ ನಗರದಲ್ಲಿ, ಕುಂಡ ಆಕ್ರಮಿಸಿದ ನೆಲಕ್ಕೆ ಲೆಕ್ಕವೇ ಬೇಡವೆನ್ನುವುದೂ ಉಚಿತವಲ್ಲ. ಖರ್ಚನ್ನು ಮನ್ನಾ ಮಾಡಿದೊಡನೆ ಖರ್ಚು ಇಲ್ಲವಾಗುವುದಿಲ್ಲ. ಅದು ಬೇರೊಬ್ಬರ ಖಾತೆಗೆ ಬೀಳುತ್ತದೆ.

ಆ ಬೇರೊಬ್ಬನು ಕಾಲ್ನಡಿಗೆಯವನು. ಹಗಲು ಕೋಟೆಯ ಹೊಟೇಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಮೇಲೆಬಂದ ಕನ್ನಡಿಗರ ಹಿಂದಿನ ತಲೆಮಾರು ಈ ನಗರವನ್ನು ಅಳೆದದ್ದು ಕಾಲಿನಿಂದಲೇ. ಇಂದಿಗೂ ಬೋರಿಬಂದರ, ಚರ್ಚ್‌ಗೇಟುಗಳಲ್ಲಿ ಇಳಿದ ನೌಕರನು ಕಚೇರಿಗೆ ನಡೆದೇ ಹೋಗುತ್ತಾನೆ. ಕಾಲುದಾರಿಯಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಷ್ಟು ಅಗಲವೇ ದುರ್ಲಭವಾದಲ್ಲಿ ಮೀಟರು ಅಗಲದ ಕುಂಡವು ನಡೆಯುವವನನ್ನು ರಸ್ತೆಗಿಳಿಸುತ್ತದೆ; ಅಂದರೆ ಯಾವ ವಾಹನದಿಂದ ಅವನನ್ನು ಕಾಯಬೇಕಾಗಿತ್ತೋ ಅದರ ಮುಂದೆಯೇ ನಿಲ್ಲಿಸುತ್ತದೆ. ಮುಂಬಯಿಯ ಕಾಲುದಾರಿಗಳಲ್ಲಿ ನೆಟ್ಟ ಮೋಟುಕಂಬಗಳ ನಡುವೆ ಗಾಲಿಕುರ್ಚಿ ಹೋಗದೆಂಬ ದೂರನ್ನು 2023ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಕಾರು ನುಸುಳದಂತೆ, ಗಾಲಿಕುರ್ಚಿ ತಡೆಯದಂತೆ ತೆರವು ಬಿಡುವುದು ಅಸಾಧ್ಯವೇನಲ್ಲ. ತಡೆಗಳ ನಡುವೆ 1.2 ಮೀಟರಿಗೆ ಮೀರದ ತೆರವೆಂಬ ಬ್ರಿಟಿಷ್ ಸೂತ್ರ ಎರಡನ್ನೂ ಸಾಧಿಸುತ್ತದೆ.

ಇನ್ನು, ವಾಹನದ ಭಯವು ಉಗ್ರಗಾಮಿಗಳಿಂದಲೇ ಬರಬೇಕೆಂದಿಲ್ಲ. 2024ರ ಡಿಸೆಂಬರ್ 9ರ ರಾತ್ರಿ ಪಶ್ಚಿಮ ಕುರ್ಲಾದ ಜನನಿಬಿಡ ಮಾರ್ಗದಲ್ಲಿ ಬೆಸ್ಟ್ ಬಸ್ಸೊಂದು ಹತೋಟಿ ತಪ್ಪಿ 9 ಮಂದಿಯ ಸಾವಿಗೆ ಕಾರಣವಾಯಿತು. ಅಲ್ಲಿ ಶತ್ರುವಿರಲಿಲ್ಲ, ಜನರು, ಅಂಗಡಿಗಳು, ವಾಹನಗಳು ಒಂದೇ ಇಕ್ಕಟ್ಟಿನಲ್ಲಿ ಬೆರೆತಿದ್ದುವು. ಪ್ರತಿಷ್ಠಿತ ಕಟ್ಟಡದ ಮುಂದೆ ಕಾಣುವ ಕುಂಡ ಉಪನಗರದ ಪೇಟೆಯಲ್ಲಿ ಕಾಣದಿರುವುದು ಗಮನಾರ್ಹ. ಅಂತಹ ಬೀದಿಗೆ ಬೇಕಾದುದು ಅಲಂಕಾರದ ಕುಂಡವೂ ಅಲ್ಲ. ಎತ್ತರಿಸಿದ ಅಖಂಡ ಕಾಲುದಾರಿ, ಗಟ್ಟಿ ಅಂಚು, ತಿರುವುಗಳಲ್ಲಿ ಆಳವಾಗಿ ನೆಟ್ಟ ಕಂಬ, ಸಂದಣಿಯ ವೇಳೆಗೆ ವಾಹನನಿಷೇಧ.

ಆದುದರಿಂದ ಪ್ರತಿಯೊಂದು ಕುಂಡಕ್ಕೂ ಮೂರು ಪ್ರಶ್ನೆಗಳು ಸಲ್ಲುತ್ತವೆ: ಯಾವ ತೂಕದ, ಯಾವ ವೇಗದ ವಾಹನವನ್ನು ಇದು ತಡೆಯಬಲ್ಲುದು? ಇದರ ಪಕ್ಕದಲ್ಲಿ ಮುದುಕರೂ ಗಾಲಿಕುರ್ಚಿಯವರೂ ರಸ್ತೆಗಿಳಿಯದೆ ಹೋಗಬಲ್ಲರೆ? ಇದು ಆಕ್ರಮಿಸಿದ ನೆಲದ ಬೆಲೆ ಯಾರ ಖಾತೆಯಲ್ಲಿ ಬರೆಯಲ್ಪಟ್ಟಿದೆ? ಮೂರಕ್ಕೂ ಉತ್ತರವುಳ್ಳ ಕುಂಡವು ರಕ್ಷಣೆ. ಉತ್ತರವಿಲ್ಲದ್ದು, ನೀರು ಹಾಕುವವರಿದ್ದರೆ ತೋಟ. ಇಲ್ಲದಿದ್ದರೆ, ಕೋಟೆಯನ್ನು ಕೆಡವಿ ಬೆಳೆದ ನಗರದ ದಾರಿಯಲ್ಲಿ ಬಿದ್ದ ಇನ್ನೊಂದು ಕಲ್ಲು.