ಮಾವನವರ ಕಾರಿನ ಮೇಲೆ ಜೇಡರ ಬಲೆ

ನಮ್ಮ ಮಾವನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ಮನೆಯಲ್ಲಿ ಒಂದು ಜಗಳವಾಯಿತು. ಕೂಗಾಡುವ ಜಗಳವಲ್ಲ, ಮಾತು ನಿಲ್ಲಿಸುವ ಜಗಳ. ಕಾರಣ, ಕಾರು.

ನಿವೃತ್ತಿಯಾದಾಗ ಬಂದ ಹಣದಲ್ಲಿ ಮಾವ ಕೊಂಡ ಕಡುನೀಲಿ ಬಣ್ಣದ ಕಾರು ಅದು. ಈಗ 11 ವರ್ಷ ಹಳೆಯದು. ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರೂವರೆಗೆ ಹಾಲಿನವನು ಬರುವುದು ತಪ್ಪಬಹುದು, ಮಾವ ಹಳೆಯ ಪಂಚೆಯ ತುಂಡನ್ನು ಎರಡು ಸಲ ಕೊಡವಿ ಕಾರು ಒರೆಸಲು ನಿಲ್ಲುವುದು ತಪ್ಪುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಒಂದು ತಿಂಗಳು ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಆ ಕೆಲಸ ನಿಂತಿತು. ಕಾರಿನ ಕೀ ನನ್ನ ಕೈಗೆ ಬಂತು. ಆಫೀಸಿಗೆ ನಾನೇ ಓಡಿಸಿದೆ.

ತಿಂಗಳಾದ ಮೇಲೆ ಮಾವ ಕಪ್ಪು ಕನ್ನಡಕ ತೆಗೆದು ಅಂಗಳಕ್ಕೆ ಬಂದರು. ನಾನು ಅಂದೇ ಕಾರಿಗೆ ನೀರು ಹೊಯ್ದಿದ್ದೆ. ಎಳೆ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಬಹಳ ಹೊತ್ತು ನೋಡಿದರು.

"ಏನಮ್ಮಾ, ಆಫೀಸಲ್ಲಿ ಕಾರನ್ನ ಎಲ್ಲಿ ನಿಲ್ಲಿಸ್ತಿದ್ದೆ?"

ಅಷ್ಟೇ ಕೇಳಿದ್ದು. ನನಗೆ ಅರ್ಥವಾಯಿತು. ಸೂರ್ಯನ ಬಿಂಬದ ಸುತ್ತ ಕೂದಲೆಳೆಯಂಥ ಸಾವಿರಾರು ಗೀರುಗಳು ವೃತ್ತ ವೃತ್ತವಾಗಿ ಹೊಳೆಯುತ್ತಿದ್ದವು. ಆರನೇ ಕ್ಲಾಸಿನ ನನ್ನ ಮಗಳು ಅದನ್ನು ಹಿಂದೆಯೇ ನೋಡಿ 'ಜೇಡರ ಬಲೆ' ಎಂದು ಹೆಸರಿಟ್ಟಿದ್ದಳು. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಮಂಜು. ಅದು ಹೋದ ಮೇಲೆ ನೀಲಿ ಬಣ್ಣ ಎದ್ದು ಕಾಣುತ್ತದೆ, ನೀಲಿಯ ಮೇಲಿನ ಗೀರೂ ಕಾಣುತ್ತದೆ. ಆ ಬಲೆ ವರ್ಷಗಳಿಂದ ಅಲ್ಲೇ ಇತ್ತು. ಆದರೆ ಮಾವನ ಲೆಕ್ಕದಲ್ಲಿ ಅದು ಸೊಸೆಯ ಕೈಗೆ ಕಾರು ಹೋದ ಒಂದು ತಿಂಗಳಲ್ಲಿ ಆದದ್ದು.

ನಿಜ ಹೇಳಬೇಕೆಂದರೆ, ಆ ತಿಂಗಳಲ್ಲಿ ನಾನು ಕಾರನ್ನು ಒಂದು ಸಲವೂ ಒರೆಸಿರಲಿಲ್ಲ. ನನ್ನ ಸೋಮಾರಿತನವೇ ನನ್ನ ಸಾಕ್ಷಿ. ಈ ಗೀರುಗಳು ಬರುವುದು ಒರೆಸದೆ ಬಿಟ್ಟಾಗ ಅಲ್ಲ, ಒರೆಸಿದಾಗ. ಅದನ್ನು ಮಾವನಿಗೆ ಹೇಳುವುದು ಹೇಗೆ?

ಹೇಳಿದ್ದು ಮಗಳು, ಯಾವ ಮುಲಾಜೂ ಇಲ್ಲದೆ. "ತಾತ, ಅದು ನಿಮ್ಮ ಪಂಚೆ ಮಾಡಿದ್ದು."

"ನಾನು ಎಂದೂ ಸುತ್ತಿ ಸುತ್ತಿ ಒರೆಸಿದವನೇ ಅಲ್ಲ. ಉದ್ದಕ್ಕೆ ಒರೆಸೋದು. ಮತ್ತೆ ಗೀರು ಹೇಗೆ ಗುಂಡಗಿದೆ?" ಎಂದರು ಮಾವ. ಒಳ್ಳೆಯ ಪ್ರಶ್ನೆಯೇ.

ಆ ರಾತ್ರಿ ಅಡುಗೆಮನೆಯ ದೀಪ ಆರಿಸಿ, ದಿನಾ ಉಜ್ಜುವ ಒಂದು ಹಳೆಯ ಸ್ಟೀಲ್ ತಟ್ಟೆಯ ಮೇಲೆ ಮಗಳು ಟಾರ್ಚ್ ಬಿಟ್ಟಳು. ಮಕ್ಕಳೇ, ನೀವೂ ಮಾಡಿ ನೋಡಿ. ಬೆಳಕಿನ ಬಿಂಬದ ಸುತ್ತ ವೃತ್ತಗಳು ಕಾಣುತ್ತವೆ. ತಲೆಯನ್ನು ಪಕ್ಕಕ್ಕೆ ಸರಿಸಿದರೆ ವೃತ್ತಗಳೂ ಜೊತೆಗೇ ಸರಿಯುತ್ತವೆ! ತಟ್ಟೆಯ ಮೇಲಿನ ಗೀರು ಸರಿಯುವುದುಂಟೇ? ಗೀರುಗಳು ಎಲ್ಲ ದಿಕ್ಕಿಗೂ ಇವೆ. ಬಿಂಬಕ್ಕೆ ಅಡ್ಡಲಾಗಿ ಮಲಗಿದವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಕಾಣುವುದಿಲ್ಲ. ಕಂಡವೆಲ್ಲ ಸೇರಿ ವೃತ್ತದಂತೆ ತೋರುತ್ತವೆ. ಮಳೆ ನಿಂತ ರಾತ್ರಿ ಬೀದಿದೀಪದ ಹಿಂದಿನ ಒದ್ದೆ ಮರವನ್ನು ನೋಡಿ, ಕೊಂಬೆಗಳೆಲ್ಲ ದೀಪವನ್ನು ಸುತ್ತಿಕೊಂಡಂತೆ ಕಾಣುವುದೂ ಇದೇ ಕಾರಣಕ್ಕೆ. ಅಂದರೆ ಉದ್ದಕ್ಕೆ ಒರೆಸಿದರೂ, ಗುಂಡಗೆ ಒರೆಸಿದರೂ ಬಲೆ ಬಲೆಯೇ.

ಮಾವ ತಟ್ಟೆಯನ್ನು ಆಕಡೆ ಈಕಡೆ ತಿರುಗಿಸಿ ನೋಡಿದರು. ಏನೂ ಹೇಳದೆ ಮಲಗಲು ಹೋದರು. ಮಾರನೇ ಬೆಳಿಗ್ಗೆ ಅಂಗಳಕ್ಕೆ ಬರಲಿಲ್ಲ. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. 11 ವರ್ಷ ಮುದ್ದಿನಿಂದ ಮಾಡಿದ ಕೆಲಸವೇ ಕಾರನ್ನು ಕೆಡಿಸಿತು ಎಂದು ಹಿರಿಯರಿಗೆ ತೋರಿಸಿಕೊಟ್ಟು ನಾವು ಗೆದ್ದದ್ದಾದರೂ ಏನು? ಬಲೆ ತೆಗೆಯಲು ಆಗುತ್ತದೆಯೇ ನೋಡೋಣ ಎಂದು ಹೊರಟೆ.

ಮೊದಲು ತಿಳಿದದ್ದು, ಕಾರಿನ ಬಣ್ಣ ಎಷ್ಟು ತೆಳು ಎಂಬುದು. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ 'ಕ್ಲಿಯರ್ ಕೋಟ್'. ಈ ಮೇಲಿನ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ! ಹೊಳಪು, ಬಿಸಿಲಿನಿಂದ ರಕ್ಷಣೆ ಎಲ್ಲವೂ ಆ ತೆಳು ಪದರದ ಮೇಲೆ ನಿಂತಿದೆ. ಜೇಡರ ಬಲೆ ಇರುವುದೂ ಅದರ ಮೇಲ್ಮೈಯಲ್ಲೇ.

ಗೀರುವುದು ಬಟ್ಟೆಯಲ್ಲ, ಬಟ್ಟೆಗೆ ಅಂಟಿದ ಧೂಳು. ನಮ್ಮ ಕಡೆಯ ಗ್ರಾನೈಟ್‌ನಂಥ ಕಲ್ಲುಗಳು ಸವೆದು ಆದ ಮಣ್ಣಿನಲ್ಲಿ ಕ್ವಾರ್ಟ್ಜ್ ಹರಳುಗಳಿರುತ್ತವೆ. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10, ಕ್ವಾರ್ಟ್ಜ್‌ಗೆ 7. ನಮ್ಮ ಉಗುರು ಸುಮಾರು ಎರಡೂವರೆ. ಒಣ ಬಟ್ಟೆಯಲ್ಲಿ ಧೂಳು ಒರೆಸುವುದೆಂದರೆ ತೀರಾ ನಯವಾದ ಮರಳು ಕಾಗದದಿಂದ ಉಜ್ಜಿದ ಹಾಗೆಯೇ.

ಅಂಗಡಿಯಲ್ಲಿ ಇನ್ನೊಂದು ಗೊಂದಲ. ವ್ಯಾಕ್ಸ್, ಪಾಲಿಶ್, ಕಾಂಪೌಂಡ್ ಎಂದು ಮೂರು ಬಗೆ ಡಬ್ಬಿಗಳು. ವ್ಯಾಕ್ಸ್ ಗೀರನ್ನು ತೆಗೆಯುವುದಿಲ್ಲ, ಮೇಲೆ ಕುಳಿತು ಕೆಲವು ವಾರ ಮರೆಮಾಡುತ್ತದೆ. ಪಾಲಿಶ್‌ನಲ್ಲಿ ಅತಿ ನಯವಾದ ಪುಡಿ ಇದ್ದು, ಗೀರಿನ ಸುತ್ತಲ ಪದರವನ್ನು ತುಸು ಸವೆಸಿ ಸಮ ಮಾಡುತ್ತದೆ. ಕಾಂಪೌಂಡ್ ಇನ್ನೂ ಒರಟು. ಗೀರು ಹೋಯಿತು ಎಂದರೆ ತುಂಬಿತು ಎಂದಲ್ಲ, ಅದರ ಅಕ್ಕಪಕ್ಕದ ನೆಲವೇ ತಗ್ಗಿತು ಎಂದರ್ಥ! ಅದಕ್ಕೇ ಪಾಲಿಶ್ ಪದೇ ಪದೇ ಮಾಡುವ ಕೆಲಸವಲ್ಲ. ನಾನು ಅತಿ ನಯವಾದ ಫಿನಿಶಿಂಗ್ ಪಾಲಿಶ್, ಕೈಯಲ್ಲಿ ಹಿಡಿಯುವ ಫೋಮ್ ಪ್ಯಾಡ್ ಎರಡು, ಮೈಕ್ರೋಫೈಬರ್ ಬಟ್ಟೆ ಆರು ತಂದೆ. ಮೆಷಿನ್ನಿನ ಗೊಡವೆಗೆ ಹೋಗಲಿಲ್ಲ. ಕೈಯಲ್ಲಿ ಮಾಡಿದರೆ ನಿಧಾನ ನಿಜ, ಆದರೆ ಅಪಾಯವೂ ನಿಧಾನ.

ಮೊದಲ ಭಾನುವಾರ ಎಲ್ಲವನ್ನೂ ತಪ್ಪು ಮಾಡಿದೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಾನೆಟ್ಟಿನ ಅರ್ಧಕ್ಕೆ ಒಂದೇ ಸಲ ಪಾಲಿಶ್ ಬಳಿದೆ. ಅದು ಸುಣ್ಣದಂತೆ ಒಣಗಿ ಹಿಡಿದುಕೊಂಡಿತು. ಗಾಜಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿಗೂ ಮೆತ್ತಿ, ಕಾರಿಗೆ ಬಿಳಿ ಮೀಸೆ ಬಂದಂತಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನು ತಿಕ್ಕುತ್ತ ಕುಳಿತಿದ್ದೆ. ಕಿಟಕಿಯಿಂದ ಮಾವ ನೋಡುತ್ತಿದ್ದರು. ಮಾತಿಲ್ಲ.

ಎರಡನೇ ಭಾನುವಾರ ಬೆಳಿಗ್ಗೆ ಏಳಕ್ಕೇ, ನೆರಳಿನಲ್ಲಿ, ಕೈ ಇಟ್ಟರೆ ತಗಡು ತಣ್ಣಗಿರುವಾಗ ಶುರು ಮಾಡಿದೆ. ಮೊದಲು ಪೈಪಿನಿಂದ ಧಾರಾಳ ನೀರು, ಧೂಳು ತಾನಾಗಿಯೇ ಇಳಿದು ಹೋಗಲಿ ಎಂದು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ತೊಳೆದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂಗೆ. ಮಾಡಿನಿಂದ ಕೆಳಕ್ಕೆ ಬರಬೇಕು. ಚಕ್ರಕ್ಕೆ ಬೇರೆ ಬಟ್ಟೆ, ಕಡೆಯಲ್ಲಿ.

ತೊಳೆದ ಮೇಲೂ ಕಾರು ನಿಜಕ್ಕೂ ಸ್ವಚ್ಛವೇ ಎಂದು ನೋಡಲು ಒಂದು ಉಪಾಯವಿದೆ. ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಣ್ಣದ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ಕಣಗಳು ಕವರಿನೊಳಗಿನ ಬೆರಳಿಗೆ ತಿಳಿಯುತ್ತವೆ. ಮಗಳಿಗೆ ಈ ಆಟ ಬಹಳ ಹಿಡಿಸಿತು. ಅಂಥ ಕಡೆ ಕಾರಿಗೆಂದೇ ಸಿಗುವ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮುದ್ದೆಯನ್ನು, ಶಾಂಪೂ ನೀರು ಚಿಮುಕಿಸಿಕೊಂಡು ಉಜ್ಜಿದರೆ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಮುದ್ದೆ ನೆಲಕ್ಕೆ ಬಿದ್ದರೆ ಮಾತ್ರ ಎಸೆದುಬಿಡಿ. ನನ್ನದು ಬಿತ್ತು.

ಕಪ್ಪು ಪ್ಲಾಸ್ಟಿಕ್ಕಿಗೂ ಬಾನೆಟ್ಟಿನ ಅಂಚುಗಳಿಗೂ ಕಾಗದದ ಟೇಪ್ ಅಂಟಿಸಿದೆ. ಅಂಚಿನಲ್ಲಿ ಬಣ್ಣ ಇನ್ನೂ ತೆಳು. ಬಾನೆಟ್ಟಿನ ನಡುವೆಯೂ ಒಂದು ಟೇಪ್ ಎಳೆದೆ, ಒಂದು ಪಕ್ಕ ಮಾತ್ರ ಮಾಡಿ ವ್ಯತ್ಯಾಸ ನೋಡಲು. ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ಪಾಲಿಶ್ ನಾಲ್ಕು ಬೊಟ್ಟು. ಒಂದೂವರೆ ಅಡಿ ಚೌಕದೊಳಗೇ ಮೊದಲು ಮೇಲೆ ಕೆಳಗೆ, ಆಮೇಲೆ ಅಡ್ಡಡ್ಡ, ಸುಮಾರು ಎರಡು ನಿಮಿಷ. ಒಣಗುವ ಮುಂಚೆಯೇ ಮೈಕ್ರೋಫೈಬರ್‌ನಿಂದ ಒರೆಸಿ, ಟಾರ್ಚ್ ಬಿಟ್ಟು ನೋಡುವುದು. ಸಾಲದಿದ್ದರೆ ಮತ್ತೊಂದು ಸಲ.

ಎರಡನೇ ಸಲಕ್ಕೆ ಬಲೆ ಹರಿಯಿತು. ಪೂರ್ತಿ ಹೋಗಲಿಲ್ಲ, ಆದರೆ ನೂರು ಎಳೆ ಇದ್ದಲ್ಲಿ ಹತ್ತು ಉಳಿದಿದ್ದವೇನೋ. ಪಾಲಿಶ್‌ನ ಎಣ್ಣೆಯಂಶವೇ ಗೀರನ್ನು ಮುಚ್ಚಿರಬಹುದೆಂಬ ಅನುಮಾನಕ್ಕೆ, ಮೆಡಿಕಲ್ ಸ್ಟೋರಿನ ಐಸೋಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ನೀರಿಗೆ ಬೆರೆಸಿ ಒರೆಸಿದೆ. ಬಲೆ ಮರಳಲಿಲ್ಲ. ನಡುವಿನ ಟೇಪ್ ಕಿತ್ತೆ. ಒಂದು ಪಕ್ಕ ಬೂದು ಕವಿದ ನೀಲಿ, ಇನ್ನೊಂದು ಪಕ್ಕ ಬಾವಿಯೊಳಗಿನ ನೀರಿನಂಥ ನೀಲಿ.

"ಟಾರ್ಚ್ ಇಲ್ಲಿ ಕೊಡು."

ಮಾವ ಹಿಂದೆ ನಿಂತಿದ್ದರು. ಬಗ್ಗಿ ಎರಡೂ ಕಡೆ ನೋಡಿದರು. ಆಮೇಲೆ, "ಈ ಮೂಲೆ ಬಿಟ್ಟಿದ್ದೀಯ" ಎಂದರು. ಜಗಳ ಅಲ್ಲಿಗೆ ಮುಗಿಯಿತು.

ಪೂರ್ತಿ ಕಾರಿಗೆ ಇನ್ನೂ ಮೂರು ಭಾನುವಾರ ಹಿಡಿಯಿತು. ಭುಜ ಬಿದ್ದುಹೋಯಿತು. ಟಾರ್ಚ್ ಹಿಡಿಯುವ ಕೆಲಸ ಮಾವನದು, ಬಟ್ಟೆ ಮಡಿಸಿ ಹೊಸ ಮಗ್ಗುಲು ಕೊಡುವುದು ಮಗಳದು. ಎಡಬಾಗಿಲಿನ ಒಂದು ಉದ್ದ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಉಗುರಿಗೆ ಸಿಗುವ ಗೀರು ಪಾಲಿಶ್‌ಗೆ ಬಗ್ಗುವುದಿಲ್ಲ, ಅದರ ಹಿಂದೆ ಬಿದ್ದರೆ ಕ್ಲಿಯರ್ ಕೋಟೇ ಹೋದೀತು. ಬಿಟ್ಟುಬಿಡೋಣವೇ ಎಂದು ಕೇಳಿದೆ. "ಅದಿರಲಿ. ನಂಜನಗೂಡಿನ ಜಾತ್ರೇಲಿ ಸೈಕಲ್ ತಗುಲಿದ್ದು. ನಿಮ್ಮತ್ತೆ ಆ ಹುಡುಗನಿಗೆ ಬೈಯೋದು ಬಿಟ್ಟು ಬಾಳೆಹಣ್ಣು ಕೊಟ್ಟಿದ್ದಳು" ಎಂದರು. ಅತ್ತೆ ಹೋಗಿ ನಾಲ್ಕು ವರ್ಷವಾಯಿತು.

ಕಡೆಗೆ ಒಂದು ಪದರ ವ್ಯಾಕ್ಸ್. ಇದರಲ್ಲಿ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆದ ಕಾರ್ನೌಬಾ ಮೇಣ ಇರುತ್ತದೆ. ಆ ಮರ ಬಿಸಿಲಿಗೆ ತನ್ನ ನೀರು ಆರದಿರಲೆಂದು ಎಲೆಗೆ ಹಚ್ಚಿಕೊಳ್ಳುವುದನ್ನು ನಾವು ಕಾರಿಗೆ ಹಚ್ಚುತ್ತೇವೆ.

ಪಂಚೆಯ ತುಂಡು ಈಗ ಸೈಕಲ್ಲಿನ ಚೈನಿಗೆ. ಮೈಕ್ರೋಫೈಬರ್ ಬಟ್ಟೆಗಳನ್ನು ಮಾವ ಬೇರೆಯಾಗಿಯೇ ಒಗೆದು ಬೇರೆ ಹಗ್ಗದಲ್ಲಿ ಒಣಗಿಸುತ್ತಾರೆ. ಯಾರಾದರೂ ಗ್ಯಾಸ್ ಕಟ್ಟೆಗೆ ಬಳಸಿದರೆ ಆ ದಿನ ಮನೆಯಲ್ಲಿ ಗ್ರಹಚಾರ. ಈ ಸಲ ಆಯುಧಪೂಜೆಯ ಮಾರನೇ ದಿನ ಬಾನೆಟ್ಟಿನ ಮೇಲಿನ ಒಣ ಕುಂಕುಮವನ್ನು ಒರೆಸಲು ಹೋದ ನನ್ನ ಯಜಮಾನರನ್ನು ತಡೆದು, ನೀರು ಹಾಕಿ ನೆನೆಸಿ ತೆಗೆಸಿದರು. ಬೆಳಿಗ್ಗೆ ಆರೂವರೆಗೆ ಈಗಲೂ ಅಂಗಳಕ್ಕೆ ಬರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ನಮ್ಮ ಕಾರಿಗೆ ಒಂದು ಸುತ್ತು ಹಾಕಿ, ಆಮೇಲೆ ಕಾಂಪೌಂಡಿನಾಚೆ ಬಗ್ಗಿ ಪಕ್ಕದ ಮನೆಯವರ ಕಪ್ಪು ಕಾರಿನ ಮೇಲೆ ಟಾರ್ಚ್ ಬಿಡುತ್ತಾರೆ.